ಒನಕೆ ಯಾರು ಹಿಡಿಯಬೇಕು? ನವಣೆ ಮರಳಿ ಬಂದ ಒಂದು ಊರಿನ ಪ್ರಕರಣ

ಇದು ಬಾಗಲಕೋಟೆ ಜಿಲ್ಲೆಯ ಪೂರ್ವದ ಕಡೆಯ ಒಂದು ಊರು. ಊರಿನ ಹೆಸರು ಹೇಳುವುದಿಲ್ಲ. ಇಲ್ಲಿ ಬರುವ ಹೆಣ್ಣುಮಕ್ಕಳ ಹೆಸರುಗಳೂ ಬದಲಿಸಿದವು. 2022ರಿಂದ 2025ರ ಬೇಸಿಗೆವರೆಗೆ ಒಂದು ಸಣ್ಣ ಸಂಸ್ಥೆಯ ಕಾರ್ಯಕರ್ತೆಯಾಗಿ ನಾನು ಆ ಊರಿಗೆ ಹೋಗಿ ಬರುತ್ತಿದ್ದೆ. ಸಿರಿಧಾನ್ಯ ಬೆಳೆಸಿ ರೈತ ಮಹಿಳೆಯರ ಕೈಗೆ ನಾಲ್ಕು ಕಾಸು ಬರುವಂತೆ ಮಾಡುವುದು ನಮ್ಮ ಕೆಲಸ. ಮೊದಲ ವರ್ಷ ನಾವು ಮಾಡಿದ್ದು ತಪ್ಪಾಯಿತು. ಅದೇ ಕೆಲಸ ಮಾಡುವ ಬೇರೆಯವರಿಗೆ ಉಪಯೋಗ ಆಗಲಿ ಅಂತ ನಡೆದದ್ದನ್ನು ನಡೆದ ಹಾಗೇ ಬರೆಯುತ್ತಿದ್ದೇನೆ.

ಊರು ಮತ್ತು ಹೊಲ

ಊರಿನ ಅರ್ಧ ಹೊಲ ಎರೆ (ಕಪ್ಪು ಮಣ್ಣು), ಅರ್ಧ ಮಸಾರಿ (ಕೆಂಪು ಮಣ್ಣು). ಎರೆ ಹೊಲದಲ್ಲಿ ಹಿಂಗಾರಿಗೆ ಬಿಳಿಜೋಳ, ಕಡಲೆ. ಮಸಾರಿಯಲ್ಲಿ ಮುಂಗಾರಿಗೆ ಸಜ್ಜೆ, ಹೆಸರು, ತೊಗರಿ. ಇತ್ತೀಚಿನ ವರ್ಷಗಳಲ್ಲಿ ಮೆಕ್ಕೆಜೋಳವೇ ಜಾಸ್ತಿ. ನೀರಾವರಿ ಇಲ್ಲ. ಹತ್ತಾರು ಮನೆಯವರು ದುಡಿಯಲು ಗೋವಾಕ್ಕೋ ಮಂಗಳೂರಿಗೋ ಹೋಗುತ್ತಾರೆ. ಗಂಡಸರು ಹೋದ ಮನೆಗಳಲ್ಲಿ ಹೊಲದ ಪೂರ್ತಿ ಕೆಲಸ ಹೆಂಗಸರದ್ದು. ಕೂರಿಗೆ ಹಿಂದೆ ಕಾಳು ಬಿಡುವುದು, ಕಳೆ ತೆಗೆಯುವುದು, ತೆನೆ ಕೊಯ್ಯುವುದು, ರಾಶಿ ಮಾಡುವುದು ಎಲ್ಲ ಅವರೇ. ಚೀಲ ಅಡತಿ (ದಲ್ಲಾಳಿ) ಅಂಗಡಿಗೆ ಹೋಗುವ ದಿನ ಮಾತ್ರ ಮನೆಯ ಗಂಡಸು ಮುಂದೆ ಬರುತ್ತಾನೆ.

ನಾವು ಜೊತೆಗೂಡಿದ್ದು ಊರಿನ ಹೆಂಗಸರ ಸ್ವಸಹಾಯ ಸಂಘದ ಜೊತೆ. ಸಂಘದಲ್ಲಿ 14 ಜನ. ಅವರಲ್ಲಿ ಪಹಣಿ (ಹೊಲದ ದಾಖಲೆ) ತಮ್ಮ ಹೆಸರಿಗೇ ಇದ್ದವರು ಇಬ್ಬರು. ಇಬ್ಬರೂ ಗಂಡನನ್ನು ಕಳೆದುಕೊಂಡವರು. ಈ ಸಂಗತಿ ನಮ್ಮ ಮೊದಲ ಸಮೀಕ್ಷೆಯಲ್ಲೇ ಇತ್ತು. ನಾನೇ ಬರೆದುಕೊಂಡಿದ್ದೆ. ಬರೆದುಕೊಂಡು ಮುಂದೆ ಹೋಗಿಬಿಟ್ಟೆ.

ಮೂವತ್ತು ನಲವತ್ತು ವರ್ಷದ ಹಿಂದೆ ಈ ಮಸಾರಿಯಲ್ಲಿ ನವಣೆ ಇತ್ತು. ನವಣೆ ಅನ್ನ, ನವಣೆ ಹೋಳಿಗೆ, ಬಾಣಂತಿಗೆ ನವಣೆ ಉಂಡಿ. ಈಗ ಬೀಜ ಹುಡುಕಿದರೂ ಊರಲ್ಲಿ ಸಿಗುತ್ತಿರಲಿಲ್ಲ.

ಮೊದಲ ವರ್ಷ

2022ರ ಮೇ ತಿಂಗಳಲ್ಲಿ ಗುಡಿಯ ಕಟ್ಟೆ ಮೇಲೆ ಸಭೆ ಮಾಡಿದೆವು. ಮರುವರ್ಷ 2023 ಅನ್ನು ವಿಶ್ವಸಂಸ್ಥೆ ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷ ಅಂತ ಘೋಷಿಸಿತ್ತು. ರಾಜ್ಯ ಸರ್ಕಾರದ ರೈತಸಿರಿ ಯೋಜನೆಯಲ್ಲಿ ಸಿರಿಧಾನ್ಯ ಬೆಳೆದವರಿಗೆ ಹೆಕ್ಟೇರಿಗೆ 10,000 ರೂಪಾಯಿ ಇತ್ತು. ಎಕರೆ ಲೆಕ್ಕದಲ್ಲಿ 4,000. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಎಚ್‌ಎಫ್‌ಟಿ-109-3 ನವಣೆ ತಳಿಯ ಬೀಜ ತಂದಿದ್ದೆವು. ಕಡಿಮೆ ಮಳೆ ಸಾಕು, ಸುಮಾರು ಮೂರು ತಿಂಗಳಲ್ಲಿ ಕೊಯ್ಲಿಗೆ ಬರುತ್ತದೆ. ನಡುವೆ ಅಕ್ಕಡಿಯಾಗಿ ತೊಗರಿ ಹಾಕಿದರೆ ನವಣೆ ಕೊಯ್ದ ಮೇಲೂ ಹೊಲ ಖಾಲಿ ಬೀಳುವುದಿಲ್ಲ. ಇಷ್ಟು ಹೇಳಿದೆವು. ಗಂಡಸರು ಒಪ್ಪಿದರು. ಹೆಂಗಸರು ಸುಮ್ನೆ ಕೂತಿದ್ದರು. ಆ ಮೌನವನ್ನು ನಾವು ಒಪ್ಪಿಗೆ ಅಂದುಕೊಂಡೆವು.

11 ಮನೆಯವರು ತಲಾ ಒಂದು ಎಕರೆ ಬಿತ್ತಿದರು. ಆರು ಸಾಲು ನವಣೆ, ಎರಡು ಸಾಲು ತೊಗರಿ. ಮಳೆ ಚೆನ್ನಾಗೇ ಆಯಿತು. ಆದರೆ ಹೊಲಗಳು ಊರ ಸುತ್ತ ಚದುರಿದ್ದವು. ಒಬ್ಬರು ಮಿರಗ ಮಳೆಗೆ ಬಿತ್ತಿದರೆ ಇನ್ನೊಬ್ಬರು ಅದರ ಮುಂದಿನ ಆರಿದ್ರಾ ಮಳೆಗೆ ಬಿತ್ತಿದ್ದರು. ಸುತ್ತ ಮೆಕ್ಕೆಜೋಳ, ನಡುವೆ ಒಂದೇ ಒಂದು ತುಂಡು ನವಣೆ. ಕಾಳು ಕಟ್ಟಿದ ಕೂಡಲೇ ಊರಿನ ಗುಬ್ಬಿಗಳೆಲ್ಲ ಅಲ್ಲೇ ಇಳಿದವು. ಹಕ್ಕಿ ಕಾಯಲು ಯಾರು? ನಾಲ್ಕು ಮನೆಗಳಲ್ಲಿ ಹೆಣ್ಣುಹುಡುಗಿಯರು ಎರಡು ವಾರ ಶಾಲೆ ಬಿಟ್ಟರು. ಒಂದು ಸಂಜೆ ಹೊಲದ ಬದುವಿನಲ್ಲಿ ಏಳನೇ ಇಯತ್ತೆಯ ಹುಡುಗಿ ತಗಡು ಬಡಿಯುತ್ತಾ ನಿಂತದ್ದನ್ನು ನೋಡಿದೆ. ಈಗಲೂ ನೆನಪಾದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ನಮ್ಮ ಯೋಜನೆಯ ಕಾಗದದಲ್ಲಿ ಆ ಹುಡುಗಿ ಎಲ್ಲೂ ಇರಲಿಲ್ಲ.

ಎಕರೆಗೆ ಮೂರೂವರೆಯಿಂದ ನಾಲ್ಕು ಕ್ವಿಂಟಲ್ ಬಂತು. ಬಹುಪಾಲು ಕಾಳು ಸಿಪ್ಪೆ ಸಮೇತ ಅಡತಿಗೆ ಹೋಯಿತು. ಆ ಹಣ ಮನೆಯ ಗಂಡಸರ ಕೈಗೆ. ರೈತಸಿರಿ ಹಣ ಪಹಣಿ ಯಾರ ಹೆಸರಿಗೆ ಇದೆಯೋ ಅವರ ಖಾತೆಗೆ. ಹೆಂಗಸರ ಪಾಲಿಗೆ ಉಳಿದದ್ದು ಮನೆಗೆ ಇಟ್ಟುಕೊಂಡ ಒಂದೊಂದು ಚೀಲ ನವಣೆ, ಮತ್ತು ಅದನ್ನು ಕುಟ್ಟುವ ಕೆಲಸ.

ವರ್ಷದ ಕೊನೆಗೆ ನಮ್ಮ ವರದಿಯಲ್ಲಿ '11 ಎಕರೆ, 11 ರೈತ ಮಹಿಳೆಯರು' ಅಂತ ಬರೆದೆವು. ಎಕರೆ ಲೆಕ್ಕ ಸರಿ ಇತ್ತು.

'ನಾವು ಬಿತ್ತೂದಿಲ್ರಿ'

2023ರ ಮೇ ತಿಂಗಳಲ್ಲಿ ಬೀಜದ ಪಟ್ಟಿ ಬರೆಯಲು ಹೋದಾಗ ಐದು ಜನ ಹೆಂಗಸರು ಬೇಡ ಅಂದರು. ಗಂಡಂದಿರು ಬೇಕು ಅಂದರೂ ಇವರು ಬೇಡ ಅಂದರು. ನಮ್ಮ ತಂಡದಲ್ಲಿ ಒಬ್ಬರು 'ಆಸಕ್ತಿ ಇಲ್ಲ' ಅಂತ ಕಾಲಂನಲ್ಲಿ ಬರೆದೂಬಿಟ್ಟರು.

ಆ ಕಾಲಂ ಅನ್ನು ಹಾಗೇ ಬಿಡಬಾರದು ಅನ್ನಿಸಿತು. ಮರುದಿನ ಒಬ್ಬಳೇ ನೀಲವ್ವನ ಮನೆಗೆ ಹೋದೆ. ಆಕೆಗೆ ಅರವತ್ತರ ಮೇಲೆ. ಸಂಘದಲ್ಲಿ ಎಲ್ಲರಿಗಿಂತ ಹಿರಿಯಳು. ಅಂಗಳದಲ್ಲಿ ಸೊಸೆ ನವಣೆ ಕುಟ್ಟುತ್ತಿದ್ದಳು. ಎರಡು ತಾಸಿನಿಂದ ಕುಟ್ಟಿ, ಮೊರದಲ್ಲಿ ಕೇರಿ, ಮತ್ತೆ ಕುಟ್ಟಿ, ಸಿಕ್ಕಿದ್ದು ಒಂದು ಹೊತ್ತಿನ ಅನ್ನಕ್ಕೆ ಆಗುವಷ್ಟು ಅಕ್ಕಿ. ನವಣೆ ಊರಿಂದ ಯಾಕೆ ಹೋಯಿತು ಅಂತ ನೀಲವ್ವನನ್ನು ಕೇಳಿದೆ. ಮಳೆ, ಬೆಲೆ ಅಂತ ಏನೋ ಹೇಳುತ್ತಾಳೆ ಅಂದುಕೊಂಡಿದ್ದೆ.

'ಮಳಿ ಅಲ್ರಿ ಅಕ್ಕಾರ. ಒನಕಿ. ರೇಷನ್ ಅಕ್ಕಿ ಬಂದ ಮ್ಯಾಲೆ ಒನಕಿ ಮೂಲಿಗೆ ಇಟ್ವಿ. ನೀವು ಬಂದು ಮತ್ತ ಕೈಯಾಗ ಕೊಟ್ರಿ.'

ಅನ್ನಭಾಗ್ಯ ಶುರುವಾದದ್ದು 2013ರ ಜುಲೈಯಲ್ಲಿ. ನವಣೆ ಅದಕ್ಕೂ ಮುಂಚೆಯೇ ಕಡಿಮೆಯಾಗುತ್ತಾ ಬಂದಿತ್ತು. ಆದರೆ ಆಕೆಯ ಮಾತಿನ ಹುರುಳು ನನಗೆ ತಕ್ಷಣ ತಿಳಿಯಿತು. ಜೋಳ ಗಿರಣಿಗೆ ಹೋಗುತ್ತದೆ, ಹತ್ತು ನಿಮಿಷದಲ್ಲಿ ಹಿಟ್ಟಾಗಿ ಬರುತ್ತದೆ. ನವಣೆಗೆ ಸಿಪ್ಪೆ ಇದೆ. ಸಿಪ್ಪೆ ತೆಗೆಯದೆ ಅದು ಊಟವಲ್ಲ. ಆ ಕೆಲಸ ಯಾವಾಗಲೂ ಹೆಂಗಸಿನದು, ಕೂಲಿ ಇಲ್ಲದ್ದು. ನಾವು ಬೀಜದ ಬಗ್ಗೆ ಅಷ್ಟು ಯೋಚನೆ ಮಾಡಿ, ಕಾಳಿನಿಂದ ಅನ್ನದವರೆಗಿನ ದಾರಿಯ ಬಗ್ಗೆ ಏನೂ ಯೋಚಿಸಿರಲಿಲ್ಲ. ಈ ಪ್ರಕರಣದ ಮೊದಲ ತಿರುವು ಅದೇ ಅಂಗಳ.

ಆ ವಾರ ಐದೂ ಮನೆಗಳಿಗೆ ಹೋದೆ. ಕಾರಣ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಕೆಲಸ ಜಾಸ್ತಿ, ಹಣ ನಮಗಿಲ್ಲ. ಆಸಕ್ತಿ ಇಲ್ಲ ಅಂತ ಒಬ್ಬರೂ ಹೇಳಲಿಲ್ಲ.

ಹೊಲ ಅವರದು, ಹಿಟ್ಟು ನಮ್ಮದು

ನನ್ನ ಮೊದಲ ಆಲೋಚನೆ ಪಹಣಿಯದು. ಜಂಟಿ ಹೆಸರು ಮಾಡಿಸೋಣ, ಆಗ ಹಣ ಅವರ ಖಾತೆಗೂ ಬರುತ್ತದೆ. ಇದನ್ನು ಸಂಘದ ಸಭೆಯಲ್ಲಿ ಎತ್ತಿದೆ. ಎಲ್ಲರೂ ನೆಲ ನೋಡಿದರು. ಲೆಕ್ಕ ಬರೆಯುವ ರೇಣವ್ವ ಮೆಲ್ಲಗೆ ಹೇಳಿದಳು, 'ಅಕ್ಕಾರ, ಇದನ್ನ ಕೇಳಿದ್ರ ನಾಳೆ ನಮ್ಮನ್ನ ಸಂಘಕ್ಕ ಬಿಡೂದಿಲ್ಲ.'

ಆಮೇಲೆ ನಡೆದ ಮಾತಿನಲ್ಲಿ ನಾನು ಸುಮ್ಮನೆ ಕೇಳುತ್ತಾ ಕೂತೆ. ದಾರಿ ಹುಡುಕಿದ್ದು ನೀಲವ್ವ. ಹೊಲದ ಜಗಳ ಈಗ ಬೇಡ. ಗಂಡಸರಿಂದ ಸಂಘವೇ ಕಾಳು ಕೊಂಡುಬಿಡಲಿ. ಅಡತಿ ಕೊಡುವ ಬೆಲೆಯನ್ನೇ ಕೊಡಲಿ. ಅಲ್ಲಿಂದ ಮುಂದೆ ಅಕ್ಕಿ, ಹಿಟ್ಟು, ಉಂಡಿ ಏನು ಮಾಡಿದರೂ ಆ ದುಡ್ಡು ಸಂಘದ ಖಾತೆಗೆ. 'ಹೊಲ ಅವರದ ಇರ್ಲಿ. ಹಿಟ್ಟು ನಮ್ಮದು' ಅಂದಳು.

ನನಗೆ ಇದು ಪೂರ್ತಿ ಸಮಾಧಾನ ಕೊಡಲಿಲ್ಲ, ಇವತ್ತಿಗೂ ಕೊಟ್ಟಿಲ್ಲ. ಬೆವರು ಸುರಿಸುವ ಹೊಲದ ಮೇಲೆ ಹೆಸರಿಲ್ಲದಿರುವುದು ದೊಡ್ಡ ಅನ್ಯಾಯ. ಆದರೆ ಆ ಜಗಳ ಯಾವಾಗ ಮಾಡಬೇಕು ಅಂತ ತೀರ್ಮಾನಿಸುವವರು ಆ ಮನೆಯಲ್ಲಿ ಬಾಳುವವರು, ನಾನಲ್ಲ. ಸಂಜೆ ಬಸ್ಸು ಹತ್ತಿ ಹೋಗುವವಳು ನಾನು.

ಬಿತ್ತನೆಯಲ್ಲೂ ಒಂದು ಬದಲಾವಣೆ ಮಾಡಿದರು. ಆ ವರ್ಷ ಬಿತ್ತಲು ಉಳಿದವರು ಆರು ಜನ. ಅವರ ಆರು ಎಕರೆಯೂ ಹಳ್ಳದ ಒಂದೇ ದಂಡೆಗೆ, ಒಂದಕ್ಕೊಂದು ಹತ್ತಿ ಇರುವ ಹಾಗೆ ಆರಿಸಿಕೊಂಡರು. ಎಲ್ಲರೂ ಒಂದೇ ವಾರದಲ್ಲಿ ಬಿತ್ತಿದರು. ಕಾಳು ಒಟ್ಟಿಗೆ ಕಟ್ಟಿತು. ಹಕ್ಕಿ ಆರು ಎಕರೆಗೆ ಹಂಚಿಹೋಯಿತು. ಸರದಿ ಮೇಲೆ ಇಬ್ಬಿಬ್ಬರು ದೊಡ್ಡವರು ಕಾದರು. ಹುಡುಗಿಯರು ಶಾಲೆಗೆ ಹೋದರು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಮೊದಲ ವರ್ಷವೇ ನಮಗೆ ಯಾಕೆ ಹೊಳೆಯಲಿಲ್ಲವೋ.

2023 ಬರದ ವರ್ಷ. ಜೂನ್ ಒಣಗಿಹೋಯಿತು. ಜುಲೈಯಲ್ಲಿ ಬಿತ್ತಿದರು, ಆಗಸ್ಟ್ ಮತ್ತೆ ಕೈಕೊಟ್ಟಿತು. ಪಕ್ಕದ ಮೆಕ್ಕೆಜೋಳ ತೆನೆ ಕಟ್ಟುವ ಮೊದಲೇ ಸುರುಳಿ ಸುತ್ತಿಕೊಂಡಿತು. ನವಣೆ ಗಿಡ್ಡವಾಯಿತು, ಆದರೆ ನಿಂತಿತು. ಆರು ಎಕರೆಯಿಂದ ಒಟ್ಟು 16 ಕ್ವಿಂಟಲ್. ಮೊದಲ ವರ್ಷಕ್ಕಿಂತ ಕಡಿಮೆಯೇ. ಆದರೂ ಊರಿನ ಗಂಡಸರು ನವಣೆ ಬಗ್ಗೆ ಮಾತಾಡಲು ಶುರು ಮಾಡಿದ್ದು ಆ ವರ್ಷವೇ.

ಕಾಳು ಕೊಳ್ಳಲು ದುಡ್ಡು ಬೇಕಲ್ವಾ? ಕ್ವಿಂಟಲಿಗೆ 3,500 ಅಂದರೂ 56,000 ರೂಪಾಯಿ. ಅದೇ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಶುರುವಾಗಿತ್ತು, ತಿಂಗಳಿಗೆ 2,000 ರೂಪಾಯಿ, ಮನೆಯ ಯಜಮಾನಿಯ ಖಾತೆಗೆ. ಸಂಘದ 14 ಜನವೂ ಎರಡೆರಡು ತಿಂಗಳ ಹಣ ಹಾಕಿದರು. ಬಿತ್ತದ ಎಂಟು ಜನರೂ ಹಾಕಿದರು. ಬರಗಾಲದಲ್ಲಿ 4,000 ರೂಪಾಯಿ ಎತ್ತಿಡುವುದು ಸಣ್ಣ ಮಾತಲ್ಲ. ಒಬ್ಬಳು ಮೊಮ್ಮಗನ ಜವಳ ಮುಂದೆ ಹಾಕಿ ಕೊಟ್ಟಿದ್ದಳು. ಇದು ಎರಡನೇ ತಿರುವು. ನಾವು ಹುಡುಕಿದ್ದ ಯಾವ ಅನುದಾನವೂ ಈ ಕೆಲಸ ಮಾಡುತ್ತಿರಲಿಲ್ಲ. ತಮ್ಮದೇ ದುಡ್ಡು ಹಾಕಿದ ಮೇಲೆ ಪ್ರತಿ ಚೀಲದ ತೂಕಕ್ಕೂ ಅವರೇ ನಿಂತರು.

ಯಂತ್ರದ ಪಾಡು

ಸಿಪ್ಪೆ ಬಿಡಿಸುವ ಯಂತ್ರ ಸೆಪ್ಟೆಂಬರ್‌ನಲ್ಲೇ ಬಂದಿತ್ತು. ದೊಡ್ಡದು, ತ್ರೀ ಫೇಸ್‌ದು. ಆರಿಸಿದ್ದು ನಾವು. ಮಾರಿದವರು ತೋರಿಸಿದ ದಿನ ಬೆಳ್ಳಗಿನ ಅಕ್ಕಿ ದಡದಡ ಉದುರಿತ್ತು. ಊರ ಹೊರಗಿನ ಶೆಡ್ಡಿನಲ್ಲಿ ಇಟ್ಟೆವು, ಯಾಕೆಂದರೆ ತ್ರೀ ಫೇಸ್ ಇದ್ದದ್ದು ಅಲ್ಲೇ, ಪಂಪ್‌ಸೆಟ್ಟಿನ ಲೈನಿನಲ್ಲಿ. ಆ ವರ್ಷ ರಾಜ್ಯದಲ್ಲೆಲ್ಲ ಕರೆಂಟಿನ ಕೊರತೆ. ಆ ಲೈನಿಗೆ ಕರೆಂಟು ಬಂದರೆ ರಾತ್ರಿ ಹನ್ನೊಂದಕ್ಕೆ. ಊರ ಹೊರಗೆ ಕತ್ತಲಲ್ಲಿ ಹೆಂಗಸರು ಹೋಗುವುದು ಹೇಗೆ? ಕೊನೆಗೆ ಒಬ್ಬರ ಮಗ ಹೋಗಿ ಓಡಿಸಿದ. ಎರಡು ತಿಂಗಳಲ್ಲಿ ಯಂತ್ರದ ಬೀಗದ ಕೈ ಆ ಹುಡುಗನ ಜೇಬಿನಲ್ಲೇ ಉಳಿಯಿತು. ಹುಡುಗ ಒಳ್ಳೆಯವನೇ. ಆದರೆ ಯಂತ್ರ ಯಾರದು ಅಂತ ಊರಲ್ಲಿ ಕೇಳಿದರೆ ಅವನ ಹೆಸರು ಹೇಳುತ್ತಿದ್ದರು.

2024ರ ಜನವರಿಯಲ್ಲಿ ಅದನ್ನು ಕೊಟ್ಟು ಸಣ್ಣ ಸಿಂಗಲ್ ಫೇಸ್ ಯಂತ್ರ ತಂದೆವು. ತಾಸಿಗೆ ಬಿಡಿಸುವ ಕಾಳು ತುಂಬಾ ಕಡಿಮೆ. ಆದರೆ ರೇಣವ್ವನ ಮನೆಯ ಪಡಸಾಲೆಯಲ್ಲಿ ಹಗಲು ಹೊತ್ತು ನಡೆಯುತ್ತದೆ. ಬೆಲ್ಟ್ ಬದಲಿಸುವುದನ್ನು ಮೂವರು ಕಲಿತಿದ್ದಾರೆ.

ಯಂತ್ರ ಓಡಿಸುವುದನ್ನು ಕಲಿಯಲು ಒಂದು ತಿಂಗಳು ಹಿಡಿಯಿತು. ಮೊದಮೊದಲು ಅರ್ಧ ಅಕ್ಕಿ ನುಚ್ಚಾಗುತ್ತಿತ್ತು, ಉಳಿದರ್ಧಕ್ಕೆ ಸಿಪ್ಪೆ ಹಾಗೇ ಇರುತ್ತಿತ್ತು. ತಪ್ಪು ಯಂತ್ರದ್ದಲ್ಲ. ದಪ್ಪ ಕಾಳು, ಸಣ್ಣ ಕಾಳು, ಕಲ್ಲು ಎಲ್ಲ ಒಟ್ಟಿಗೆ ಹೋಗುತ್ತಿತ್ತು. ಎರಡು ಜರಡಿಯಲ್ಲಿ ಸೋಸಿ, ದಪ್ಪದ್ದನ್ನು ಬೇರೆ ಸಣ್ಣದ್ದನ್ನು ಬೇರೆ ಬಿಟ್ಟ ಮೇಲೆ ಸರಿಯಾಯಿತು. ಹಸಿ ಇದ್ದರೆ ಸಿಪ್ಪೆ ಬಿಡುವುದಿಲ್ಲ, ತೀರಾ ಒಣಗಿದರೆ ಕಾಳು ಒಡೆಯುತ್ತದೆ. ತೇವ ಅಳೆಯುವ ಸಾಧನ ಅವರಲ್ಲಿಲ್ಲ. ಹಲ್ಲಲ್ಲಿ ಕಡಿದು ನೋಡುತ್ತಾರೆ. ಟಕ್ ಅಂದರೆ ಯಂತ್ರಕ್ಕೆ, ಇಲ್ಲದಿದ್ದರೆ ಇನ್ನೊಂದು ಬಿಸಿಲು.

16 ಕ್ವಿಂಟಲ್ ಕಾಳಿಗೆ ಒಂಬತ್ತೂವರೆ ಕ್ವಿಂಟಲ್ ಅಕ್ಕಿ ಬಂತು. ತಲಾ ಹತ್ತು ಕೆ.ಜಿ. ಮನೆಗೆ ಅಸಲು ಬೆಲೆಗೆ ಇಟ್ಟುಕೊಂಡರು. ಉಳಿದದ್ದನ್ನು ಬಾಗಲಕೋಟೆ, ಇಳಕಲ್ ಕಡೆಯ ಅಂಗಡಿ ಮನೆಗಳಿಗೆ ಮಾರಿದರು. ಹಾಕಿದ ಹಣ ವಾಪಸ್ಸು ಬಂದು, ಎಲ್ಲ ಖರ್ಚು ಕಳೆದು ತಲೆಗೆ ಉಳಿದದ್ದು ಸುಮಾರು 1,000 ರೂಪಾಯಿ. ವರ್ಷಕ್ಕೆ! ನಾನು ಸಪ್ಪಗಾದೆ. ಅವರು ಸಪ್ಪಗಾಗಲಿಲ್ಲ. ಆದರೆ ಇದರಿಂದ ಮನೆ ನಡೆಯುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತಾಯಿತು.

ರೊಟ್ಟಿ, ಮತ್ತು ವಾಪಸ್ಸು ಬಂದ ರೊಟ್ಟಿ

ಅಷ್ಟರಲ್ಲಿ ನಾವು ಒಂದು ತರಬೇತಿ ಮಾಡಿಸಿದ್ದೆವು. ನವಣೆ ಬಿಸ್ಕತ್ತು, ನವಣೆ ಕೇಕು, ನವಣೆ ಶಾವಿಗೆ. ಎಲ್ಲ ರುಚಿಯಾಗೇ ಇದ್ದವು. ಆದರೆ ಬಿಸ್ಕತ್ತಿಗೆ ಓವನ್ ಬೇಕು, ಬೆಣ್ಣೆ ಬೇಕು, ಮೇಳ ಬೇಕು. ಮೇಳ ಮುಗಿದ ಮೇಲೆ ಕೊಳ್ಳುವವರಿಲ್ಲ.

ಸಂಘದ ಶಾಂತವ್ವ ಒಂದು ದಿನ ಕೇಳಿದಳು: ಈ ಭಾಗದಲ್ಲಿ ದಿನಾ ಮಾರಾಟ ಆಗುವುದು ಏನು? ಕಡಕ್ ರೊಟ್ಟಿ. ಖಾನಾವಳಿಗೆ ಬೇಕು, ಮದುವೆಗೆ ಬೇಕು, ಪುಣೆ ಬೆಂಗಳೂರಿನಲ್ಲಿ ಇರುವ ಮಕ್ಕಳಿಗೆ ಕಟ್ಟಿಕೊಡಲು ಬೇಕು. ರೊಟ್ಟಿ ಬಡಿಯುವುದನ್ನು ಇವರಿಗೆ ಯಾರೂ ಕಲಿಸಬೇಕಿಲ್ಲ. ಹಾಗಾಗಿ ಎರೆ ಹೊಲದ ಬಿಳಿಜೋಳ, ಮಸಾರಿಯ ಸಜ್ಜೆ ಎರಡರಲ್ಲೂ ರೊಟ್ಟಿ. ನವಣೆ ಅಕ್ಕಿ, ನವಣೆ ಉಂಡಿ ಜೊತೆಗೆ. ನಮಗೆ ನವಣೆಯೇ ಯೋಜನೆಯ ಮುಖ್ಯ ಬೆಳೆಯಾಗಿತ್ತು. ಅವರಿಗೆ ಅದು ಅಡುಗೆಮನೆಯ ಹಲವು ಕಾಳುಗಳಲ್ಲಿ ಒಂದು. ಅವರದ್ದೇ ಸರಿಯಾದ ನೋಟ ಅಂತ ಈಗ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

2024ರಲ್ಲಿ ಲೆಕ್ಕ ಹೀಗಿತ್ತು. ಆ ವರ್ಷ ಮಾಲ್ದಂಡಿ ತಳಿಯ ಬಿಳಿಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 3,421 ರೂಪಾಯಿ. ಅವರು ಕೊಂಡದ್ದು ಕೆ.ಜಿ.ಗೆ 40ರ ಹಾಗೆ. 100 ರೊಟ್ಟಿಗೆ 5 ಕೆ.ಜಿ. ಹಿಟ್ಟು, ಅಂದರೆ 200. ಗಿರಣಿ, ಸೌದೆ, ಪ್ಯಾಕಿಗೆ ಇನ್ನೊಂದು ನೂರು. ಖಾನಾವಳಿಗೆ ರೊಟ್ಟಿಗೆ 6 ರೂಪಾಯಿಯಂತೆ 600. ಉಳಿದದ್ದು 300, ಹೆಚ್ಚುಕಡಿಮೆ ಒಂದು ದಿನದ ಕಳೆ ಕೂಲಿ. ವ್ಯತ್ಯಾಸ ಇಷ್ಟೇ: ಕಳೆ ಕೂಲಿ ವರ್ಷದಲ್ಲಿ ಕೆಲವೇ ವಾರ. ರೊಟ್ಟಿ ಬೇಸಿಗೆಯಲ್ಲೂ ಇದೆ.

ಜುಲೈಯಲ್ಲಿ ಪೆಟ್ಟು ಬಿತ್ತು. ಒಂದು ಖಾನಾವಳಿಯವರು 200 ಸಜ್ಜೆ ರೊಟ್ಟಿ ವಾಪಸ್ಸು ಕಳಿಸಿದರು. ಬಾಯಿಗೆ ಇಟ್ಟರೆ ಕಹಿ, ಕಮಟು ವಾಸನೆ. ಎಣ್ಣೆ ಕೆಟ್ಟದ್ದೋ, ಎಳ್ಳು ಹಳೆಯದೋ ಅಂತ ಎರಡು ದಿನ ಹುಡುಕಿದರು. ಕಾರಣ ಹಿಟ್ಟಿನಲ್ಲಿತ್ತು. ಗಿರಣಿಗೆ ಪದೇ ಪದೇ ಹೋಗುವುದು ತಪ್ಪಲಿ ಅಂತ 15 ದಿನಕ್ಕೆ ಆಗುವಷ್ಟು ಸಜ್ಜೆ ಒಮ್ಮೆಲೇ ಬೀಸಿಟ್ಟಿದ್ದರು. ಜೋಳದಲ್ಲಿ 100 ಗ್ರಾಮಿಗೆ ಎಣ್ಣೆಯಂಶ 2 ಗ್ರಾಮಿನ ಆಸುಪಾಸು. ಸಜ್ಜೆಯಲ್ಲಿ ಸುಮಾರು 5 ಗ್ರಾಂ. ಕಾಳು ಇಡಿಯಾಗಿ ಇರುವವರೆಗೆ ಏನೂ ಆಗುವುದಿಲ್ಲ. ಬೀಸಿದ ಕೂಡಲೇ ಆ ಎಣ್ಣೆ ಕೆಡಲು ಶುರು. ಮಳೆಗಾಲದ ತೇವಕ್ಕೆ ಇನ್ನೂ ಬೇಗ.

ನೀಲವ್ವ ಇದನ್ನು ಕೇಳಿ, 'ಸಜ್ಜಿ ಹಿಟ್ಟು ಯಾರರ ಹದಿನೈದ ದಿನ ಇಡ್ತಾರೇನ?' ಅಂದಳು. ಆಕೆಯ ಕಾಲದಲ್ಲಿ ಸಜ್ಜೆಯನ್ನು ಬೇಕಾದಾಗ ಬೇಕಾದಷ್ಟೇ ಬೀಸುತ್ತಿದ್ದರು. ಅದು ಅಭ್ಯಾಸವಾಗಿ ಉಳಿದಿತ್ತು, ಕಾರಣ ಮರೆತುಹೋಗಿತ್ತು. ಆಕೆಯನ್ನು ಯಾರೂ ಕೇಳಿರಲಿಲ್ಲ, ನಾನೂ ಸೇರಿ.

ಎರಡು ತೀರ್ಮಾನ ಆದವು. ಎರಡು ದಿನಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಸಜ್ಜೆ ಒಮ್ಮೆಲೇ ಬೀಸಬಾರದು. ದೂರದ ಊರಿಗೆ ಹೋಗುವ ರೊಟ್ಟಿಗೆ, ಕಾಳನ್ನು ಕುದಿಯುವ ನೀರಿನಲ್ಲಿ ಅರ್ಧ ನಿಮಿಷ ಅದ್ದಿ ತೆಗೆದು, ಚೆನ್ನಾಗಿ ಒಣಗಿಸಿ ಆಮೇಲೆ ಬೀಸಬೇಕು. ಹೀಗೆ ಮಾಡಿದರೆ ಎಣ್ಣೆ ಕೆಡಿಸುವ ಕಿಣ್ವದ ಬಲ ಕುಗ್ಗುತ್ತದೆ, ಹಿಟ್ಟು ಹೆಚ್ಚು ದಿನ ಬಾಳುತ್ತದೆ. 200 ರೊಟ್ಟಿಯ ನಷ್ಟವನ್ನು ಬಡಿದವರ ತಲೆಗೆ ಹಾಕದೆ ಸಂಘವೇ ಹೊತ್ತಿತು. ಇದನ್ನು ನಾನು ಮುಖ್ಯ ತೀರ್ಮಾನ ಅಂತ ಎಣಿಸುತ್ತೇನೆ. ಹಾಕಿದ್ದರೆ ಆ ರೊಟ್ಟಿ ಬಡಿದ ನಾಲ್ವರು ಮತ್ತೆ ಬರುತ್ತಿರಲಿಲ್ಲ.

ಇನ್ನೊಂದು ಮಾತು ಚೀಟಿಯದು. ನವಣೆ ಪ್ಯಾಕಿನ ಮೇಲೆ 'ಸಕ್ಕರೆ ಕಾಯಿಲೆ ವಾಸಿ' ಅಂತ ಹಾಕಿ, ಜಾಸ್ತಿ ಹೋಗುತ್ತದೆ ಅಂತ ಒಬ್ಬ ಅಂಗಡಿಯವರು ಹೇಳಿದರು. ಸಭೆಯಲ್ಲಿ ಅರ್ಧ ತಾಸು ಚರ್ಚೆ ಆಯಿತು. ರೇಣವ್ವನ ಅಪ್ಪನಿಗೇ ಆ ಕಾಯಿಲೆ. ಗುಳಿಗೆ ಬಿಟ್ಟು ನವಣೆ ತಿಂದು ಯಾರಾದರೂ ಬಿದ್ದರೆ ಏನು ಗತಿ ಅಂತ ಆಕೆ ಕೇಳಿದಳು. ಹಾಕಲಿಲ್ಲ. ಊರು, ಬೀಸಿದ ದಿನ, ತೂಕ, ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಸಂಖ್ಯೆ, ಇಷ್ಟೇ ಹಾಕಿದರು. ವರ್ಷಕ್ಕೆ 12 ಲಕ್ಷ ವಹಿವಾಟು ದಾಟದ ಇಂಥ ಸಣ್ಣವರಿಗೆ ಆ ನೋಂದಣಿ ಶುಲ್ಕ ಆಗ ವರ್ಷಕ್ಕೆ 100 ರೂಪಾಯಿ.

2025ರ ಬೇಸಿಗೆ

ಈಗ ರೊಟ್ಟಿ ಕೆಲಸದಲ್ಲಿ ಒಂಬತ್ತು ಜನ ಇದ್ದಾರೆ. ಐದು ಜನ ಬಿಟ್ಟರು. ಒಬ್ಬಳಿಗೆ ಹೊಗೆಯಿಂದ ಕಣ್ಣುರಿ, ಒಬ್ಬಳ ಮನೆಯಲ್ಲಿ ಬಾಣಂತನ, ಇಬ್ಬರು ಗೋವಾಕ್ಕೆ ಹೋದರು, ಒಬ್ಬಳಿಗೆ ಅತ್ತೆ ಬಿಡಲಿಲ್ಲ. ಉಳಿದವರು ಬೆಳಗಿನ ನಾಲ್ಕಕ್ಕೆ ಒಲೆ ಹಚ್ಚುತ್ತಾರೆ, ಎಂಟಕ್ಕೆ ಮುಗಿಸುತ್ತಾರೆ. ತಿಂಗಳಿಗೆ 15 ದಿನ ಬಡಿದರೆ 4,500 ರೂಪಾಯಿ ಸಿಗುತ್ತದೆ. ಸುಗ್ಗಿಯಲ್ಲಿ ಅರ್ಧಕ್ಕೆ ಇಳಿಯುತ್ತದೆ. ಹೊಗೆಯ ಸಮಸ್ಯೆ ಹಾಗೇ ಇದೆ. ಗ್ಯಾಸಿನ ಮೇಲೆ ಕಡಕ್ ರೊಟ್ಟಿಯ ಖರ್ಚು ಹೊಂದುತ್ತಿಲ್ಲ. ಹೊಗೆ ಕೊಳವೆ ಹಾಕಿಸಿದ ಒಲೆ ಮೂರು ಮನೆಯಲ್ಲಿ ಮಾತ್ರ ಆಗಿದೆ. ಇದು ಮೊದಲೇ ಆಗಬೇಕಿತ್ತು.

ಸಣ್ಣ ಆಹಾರ ಉದ್ಯಮಗಳ ಪಿಎಂಎಫ್‌ಎಂಇ ಯೋಜನೆಯಲ್ಲಿ ಸ್ವಸಹಾಯ ಸಂಘದ ಸದಸ್ಯೆಗೆ ಆಗ 40,000 ರೂಪಾಯಿವರೆಗೆ ಬೀಜ ಬಂಡವಾಳ, ಅಂದರೆ ಉದ್ಯಮಕ್ಕೆ ಆರಂಭದ ಹಣ, ಸಿಗುತ್ತಿತ್ತು. ಅದರಿಂದ ಕಾಳು ಕೊಳ್ಳುವ ಹಣದ ಚಿಂತೆ ಕಡಿಮೆಯಾಗಿದೆ. ಅದು ಸಂಘಕ್ಕೆ ತೀರಿಸಬೇಕಾದ ಸಾಲ, ಸುಮ್ನೆ ಬಂದ ದುಡ್ಡಲ್ಲ ಅನ್ನುವುದನ್ನು ಪ್ರತಿ ಸಭೆಯಲ್ಲೂ ರೇಣವ್ವ ಓದಿ ಹೇಳುತ್ತಾಳೆ.

ನಾನು ಎತ್ತಿ ಕೈಬಿಟ್ಟಿದ್ದ ಪಹಣಿ ಮಾತನ್ನು ಈ ವರ್ಷ ಮತ್ತೆ ತೆಗೆದವಳು ಶಾಂತವ್ವ. ಸಭೆಯಲ್ಲಲ್ಲ, ತನ್ನ ಮನೆಯಲ್ಲಿ, ಗಂಡನ ಹತ್ತಿರ. ಮಗಳ ಹಾಸ್ಟೆಲ್ ಶುಲ್ಕ ರೊಟ್ಟಿ ಹಣದಿಂದ ಕಟ್ಟಿದ ವಾರ ಕೇಳಿದಳಂತೆ. ಆತ ಇನ್ನೂ ಹೂಂ ಅಂದಿಲ್ಲ. ಊಹೂಂ ಅಂತಲೂ ಅಂದಿಲ್ಲ.

ಮೇ ತಿಂಗಳ ಕೊನೆಯ ಸಭೆಗೆ ನಾನಿದ್ದೆ. ಎರಡು ವರ್ಷದ ಹಿಂದೆ 'ಬಿತ್ತೂದಿಲ್ರಿ' ಅಂದಿದ್ದವರಲ್ಲಿ ಮೂವರು ನವಣೆ ಬೀಜ ಕೇಳಲು ಬಂದಿದ್ದರು. ಬೀಜ ಈಗ ಸಂಘದ್ದೇ, ಹೋದ ವರ್ಷದ ಬೆಳೆಯಲ್ಲಿ ಒಳ್ಳೆಯ ತೆನೆ ಆರಿಸಿ ಇಟ್ಟದ್ದು. ಕೊಡುವ ಮೊದಲು ಠರಾವು ಪುಸ್ತಕದಲ್ಲಿ ಬರೆದರು. ಬಿತ್ತುವವರು ಒಂದೇ ದಂಡೆಗೆ, ಒಂದೇ ವಾರದಲ್ಲಿ ಬಿತ್ತಬೇಕು. ತೂಕ ಮಾಡುವಾಗ ಆ ಮನೆಯ ಹೆಣ್ಣುಮಗಳು ಇರಬೇಕು. ಹಕ್ಕಿ ಕಾಯಲು ಮಕ್ಕಳನ್ನು ಕಳಿಸಬಾರದು. ಮನೆಗೆ ಇಟ್ಟುಕೊಂಡ ನವಣೆಯನ್ನೂ ಯಂತ್ರಕ್ಕೇ ತರಬೇಕು, ಮನೆಯಲ್ಲಿ ಕುಟ್ಟಬಾರದು.

ಯಾವ ವಾರ ಬಿತ್ತುವುದು ಅಂತ ಒಬ್ಬಳು ಕೇಳಿದಳು. ರೋಹಿಣಿ ಮಳೆ ನೋಡಿ ಕೂತು ಮಾತಾಡೋಣ ಅಂತ ನೀಲವ್ವ ಹೇಳಿದಳು. ರೇಣವ್ವ ಅದನ್ನೂ ಬರೆದುಕೊಂಡು ಸಹಿಗೆ ಪುಸ್ತಕ ಮುಂದೆ ತಳ್ಳಿದಳು.